ಮಾಲೀಶ್ ಮಷೀನು ಮತ್ತು ಗಂಗಾರಾಮ

ಸದಲಗಾದ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಗಂಗಾರಾಮನ ಕೆಲಸ ಪೈಲವಾನರು ಮೈ ಕೊಡವಿ ಎದ್ದ ಮೇಲೆ ಶುರುವಾಗುತ್ತಿತ್ತು. ಒಂದು ಕಾಲದಲ್ಲಿ ಅವನೂ ಕುಸ್ತಿ ಆಡಿದವನೇ. ಬಲ ಮೊಣಕಾಲು ಮುರಿದ ಮೇಲೆ ತಾಲೀಮಿನ ಕಾವಲು, ಕಸಬರಿಗೆ, ಮಾರುತಿಯ ದೀಪ, ಇಷ್ಟೇ ಅವನ ಸಂಸಾರ. ಮದುವೆಯಾಗಲಿಲ್ಲ. ಮಲಗುತ್ತಿದ್ದದ್ದೂ ಅಲ್ಲೇ, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡು.

೧೯೮೮ರಲ್ಲಿ ಭಾವುಸಾಹೇಬರೆಂಬ ದೊಡ್ಡ ರೈತರು ಕೊಲ್ಲಾಪುರದಿಂದ ಮೈ ತಿಕ್ಕುವ ಒಂದು ಮಾಲೀಶ್ ಮಷೀನು ತಂದು ತಾಲೀಮಿಗೆ ಕೊಟ್ಟರು. ಕೈಯಲ್ಲಿ ಹಿಡಿಯುವಂಥದ್ದು, ತೆಂಗಿನಕಾಯಿಯಷ್ಟು ತೂಕ, ಮುಂದೆ ರಬ್ಬರಿನ ಟೊಪ್ಪಿಗೆ. ಬಟನ್ ಒತ್ತಿದರೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಪೈಲವಾನರು ಕಸರತ್ತು ಮುಗಿಸಿ, ಎಣ್ಣೆ ಬೆವರು ಕೆಮ್ಮಣ್ಣು ಮೆತ್ತಿದ ಮೈಗೇ ಅದನ್ನು ಆಡಿಸಿಕೊಳ್ಳುತ್ತಿದ್ದರು. ಆಮೇಲೆ ಅದು ಗಂಗಾರಾಮನ ಪಾಲು. ಮೊದಲು ಪ್ಲಗ್ಗು ಕೀಳುತ್ತಿದ್ದ. ಕಾವು ಆರುವ ತನಕ ಮುಟ್ಟುತ್ತಿರಲಿಲ್ಲ. ಟೊಪ್ಪಿಗೆ ಬಿಚ್ಚಿ ಸಾಬೂನಿನ ನೀರಲ್ಲಿ ತೊಳೆದು ನೆರಳಿಗೆ ಇಡುತ್ತಿದ್ದ. ಮಷೀನಿನ ಮೈಗೆ ಮಾತ್ರ ಒಂದು ಹನಿ ನೀರು ಸೋಕಿಸದೆ ಒಣ ಅರಿವೆಯಿಂದ ಒರೆಸಿ, ಗಾಳಿಯಾಡುವ ಸೀಳುಗಳಲ್ಲಿ ಕೂತ ಮಣ್ಣನ್ನು ಹಳೆಯ ಹಲ್ಲಿನ ಬ್ರಷ್ಷಿನಿಂದ ಕೆದಕಿ ತೆಗೆಯುತ್ತಿದ್ದ.

“ಮಾಮಾ, ಲಗ್ನ ಆಗಿದ್ರ ಹೇಣ್ತೀನೂ ಹಿಂಗ ಒರಸಿ ಒರಸಿ ಸವಸತಿದ್ದಿ ನೋಡು” ಎಂದು ಯಾರಾದರೂ ಕೆಣಕುತ್ತಿದ್ದರು.

“ಹೇಣ್ತಿ ನಿಮ್ಮಂಥಾ ಎಮ್ಮಿಗೋಳ ಮೈ ತಿಕ್ಕಿ ಬರ್ತಿದ್ದಿಲ್ಲಲೇ” ಎನ್ನುತ್ತಿದ್ದ ಗಂಗಾರಾಮ.

ಮಷೀನನ್ನು ಅವನ ಕೈಗೆ ಕೊಡುವ ಮುಂಚೆ ಅವನ ಮೊಣಕಾಲಿಗೆ ಒಂದಿಷ್ಟು ಆಡಿಸಿ ಹೋಗುತ್ತಿದ್ದವನು ಧರೆಪ್ಪನೊಬ್ಬನೇ. ಅದೇ ಊರಿನ ರುಕ್ಮವ್ವನ ಕಿರಿಯ ಮಗ, ಇಪ್ಪತ್ನಾಲ್ಕರ ಪೈಲವಾನ. ಅವ್ವ ಕರ್ಪೂರ ಹಾಕಿ ಕಾಸಿ ಕೊಟ್ಟ ಕುಸುಬಿ ಎಣ್ಣೆಯನ್ನೇ ಹಚ್ಚುತ್ತಿದ್ದ. “ಕಾಲ ಚಾಚು ಮಾಮಾ” ಎಂದು ಕೂತನೆಂದರೆ ಆ ವಾಸನೆ ಮಧ್ಯಾಹ್ನದ ತನಕ ಉಳಿಯುತ್ತಿತ್ತು.

೧೯೯೧ರ ಆಷಾಢದಲ್ಲಿ ಧರೆಪ್ಪ ಕೊಗನೊಳ್ಳಿಯ ಕುಸ್ತಿಯಲ್ಲಿ ಸೋತು ಬಂದ. ನಾಲ್ಕು ದಿನ ಯಾರ ಕೂಡ ಮಾತಾಡಲಿಲ್ಲ. ಐದನೆಯ ದಿನ ದೂಧಗಂಗೆಗೆ ಮಹಾಪೂರ ಬಂತು. ನಡುಗಡ್ಡೆಯಲ್ಲಿ ಸಿಕ್ಕ ಎಮ್ಮೆಯನ್ನು ತರಲು ಈಜಿ ಹೋದ. ಎಮ್ಮೆ ದಂಡೆಗೆ ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ.

ತಾಲೀಮು ಮುಚ್ಚಿದರು. ಗಂಗಾರಾಮ ಮಷೀನನ್ನು ಸ್ವಚ್ಛ ಮಾಡಿ, ಅರಿವೆಯಲ್ಲಿ ಸುತ್ತಿ, ಗೋಡೆಯ ಗೂಡಿನಲ್ಲಿಟ್ಟ.

ಮೂರನೆಯ ಮುಂಜಾನೆ ಎದ್ದಾಗ ಅವನ ಮೊಣಕಾಲು ನೋಯುತ್ತಿರಲಿಲ್ಲ. ಮಳೆಗಾಲದಲ್ಲಿ ಗೋಡೆ ಹಿಡಿದು ಏಳುವವನು ಸರಾಗ ಎದ್ದು ನಿಂತಿದ್ದ. ಕಾಲಿನ ಮೇಲೆ ಎಣ್ಣೆಯ ಪಸೆ. ಗೂಡಿಗೆ ಕೈ ಹಾಕಿದರೆ ರಬ್ಬರಿನ ಟೊಪ್ಪಿಗೆ ಬೆಚ್ಚಗಿತ್ತು. ಸೀಳುಗಳ ತುಂಬ ಹಸಿ ಕೆಮ್ಮಣ್ಣು. ಮೂಸಿದ. ಕರ್ಪೂರ, ಕುಸುಬಿ.

ಅಗುಳಿ ಹಾಕಿದಂತೆಯೇ ಇತ್ತು.

ಆ ಮಣ್ಣನ್ನು ಕಾಗದದಲ್ಲಿ ಕಟ್ಟಿ ಅವನು ರುಕ್ಮವ್ವನಿಗೆ ಒಯ್ದು ತೋರಿಸಿದ. ಅದೇ ಅವನು ಮಾಡಿದ ತಪ್ಪು. ತಾಲೀಮಿನ ಮಣ್ಣು ಜೀವವಿದ್ದವನ ಬೆವರಿಗೆ ಮಾತ್ರ ಅಂಟುತ್ತದೆ ಎಂಬುದು ಅಲ್ಲಿನ ಪೈಲವಾನರ ಮನೆಗಳ ಗಟ್ಟಿ ನಂಬಿಕೆ. ರುಕ್ಮವ್ವ ಮಣ್ಣನ್ನು ಕಣ್ಣಿಗೆ ಒತ್ತಿಕೊಂಡಳು.

“ಅದಾನ ಅಣ್ಣಾ, ನನ್ನ ಮಗ ಅದಾನ. ಸೋತ ನಾಚಿಕಿಗೆ ಅಡಗ್ಯಾನ. ಸಣ್ಣಾಂವ ಇದ್ದಾಗ ಹಂಚ ಸರಿಸಿ ತಾಲೀಮಿನ್ಯಾಗ ಇಳೀತಿದ್ದಿಲ್ಲೇನು? ಅಂವ ಬಂದ ಮ್ಯಾಲ ಕೂಡೇ ಉಣ್ತೀನಿ.”

ಅಂದಿನಿಂದ ಅವಳು ಅನ್ನ ಮುಟ್ಟಲಿಲ್ಲ. ದಿನಾ ಮುಂಜಾನೆ ಮೊಣಕಾಲು ಹಗುರ, ಮಷೀನು ಬೆಚ್ಚಗೆ, ಸೀಳಿನಲ್ಲಿ ಮಣ್ಣು. ದಿನಾ ರುಕ್ಮವ್ವ ತಾಲೀಮಿನ ಬಾಗಿಲಿಗೆ ಬಂದು ಆ ಮಣ್ಣಿಗೆ ಸೆರಗೊಡ್ಡುತ್ತಿದ್ದಳು. ಎಂಟನೆಯ ದಿನಕ್ಕೆ ಬರಲು ತ್ರಾಣವಿಲ್ಲದೆ ಹಿರಿಯ ಮಗ ಲಗಮಣ್ಣನನ್ನು ಕಳಿಸಿದಳು.

“ಮಾಮಾ, ನೀವ ಮಣ್ಣ ಕೊಡಾಕತ್ತೀರಿ, ಆಕಿ ಕೂಳ ಬಿಟ್ಟ ಕುಂತಾಳ” ಎಂದ ಲಗಮಣ್ಣ. “ತಮ್ಮನ ದಿನಕರ್ಮಾ ಮಾಡೂನು ಅಂದ್ರ ಮೈಮ್ಯಾಲ ಬರ್ತಾಳ. ತಮ್ಮ ಅಂತೂ ಹ್ವಾದ. ಇನ್ನ ಅವ್ವನ್ನೂ ಕಳಕೋಬೇಕೇನ್ರಿ? ಇದ್ರ ಅದಾನ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ.”

ಗಂಗಾರಾಮ ಅಂದು ಮಷೀನನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಎರಡೂ ಬದಿಯ ತಿರುಪು ಬಿಚ್ಚಿದ. ಒಳಗೆ ಬೆರಳಿನ ಉಗುರಿನಷ್ಟು ಎರಡು ಕಪ್ಪು ಕಾರ್ಬನ್ ತುಂಡುಗಳಿದ್ದವು. ತಿಂಗಳಿಗೊಮ್ಮೆ ತೆಗೆದು ಒರೆಸಿ ಹಾಕುತ್ತಿದ್ದ. ಅವಿಲ್ಲದೆ ಮೋಟಾರು ತಿರುಗುವುದಿಲ್ಲವೆಂದು ನಿಪ್ಪಾಣಿಯ ರಿಪೇರಿಯವನು ಹೇಳಿಕೊಟ್ಟಿದ್ದ. ಅವನ್ನು ತೆಗೆದು ಧೋತರದ ಚುಂಗಿಗೆ ಗಂಟು ಹಾಕಿಕೊಂಡ. ಪ್ಲಗ್ಗು ಹಾಕಿ ಬಟನ್ ಒತ್ತಿದ. ಸದ್ದಿಲ್ಲ. ಒಂದು ಕಣ ಮಣ್ಣೂ ಉಳಿಯದಂತೆ ಸೀಳುಗಳನ್ನು ತಿಕ್ಕಿ ಗೂಡಿನಲ್ಲಿಟ್ಟ.

ಬೆಳಗಾಯಿತು. ಕಣ್ಣು ಬಿಡುವ ಮುಂಚೆಯೇ ಅವನಿಗೆ ಗೊತ್ತಾಯಿತು. ಮೊಣಕಾಲು ಎಳೆಯ ಹುಡುಗನ ಕಾಲಿನ ಹಾಗೆ ಹಗುರಾಗಿತ್ತು. ಟೊಪ್ಪಿಗೆ ಕೈ ಸುಡುವಷ್ಟು ಬಿಸಿ. ಸೀಳುಗಳಲ್ಲಿ ಮಣ್ಣು ತುಂಬಿ ಹೊರಗೂ ಉದುರಿತ್ತು. ಚುಂಗು ಬಿಚ್ಚಿ ನೋಡಿದ. ಎರಡೂ ತುಂಡುಗಳು ಅಲ್ಲೇ ಇದ್ದವು. ಬಟನ್ ಒತ್ತಿದ. ಸದ್ದಿಲ್ಲ.

ಅಷ್ಟು ದಿನ ಅವನಿಗೆ ಭಯವಾಗಿರಲಿಲ್ಲ. ಈಗ ಆಯಿತು. ಆದರೂ ಟೊಪ್ಪಿಗೆ ಬಿಚ್ಚಿ, ತೊಳೆದು, ಮೈ ಒರೆಸಿ, ಆಮೇಲೆಯೇ ರುಕ್ಮವ್ವನ ಮನೆಗೆ ನಡೆದ. ಕುಂಟಲಿಲ್ಲ.

ಅವಳು ಗೋಡೆಗೆ ಒರಗಿ ಕೂತಿದ್ದಳು. “ಮಣ್ಣ ತಂದ್ಯಾ ಅಣ್ಣಾ?”

“ತಂದಿಲ್ಲ ತಂಗಿ.” ಅವನು ಅಂಗೈ ಚಾಚಿದ. “ಇವು ಮಷೀನಿನ ಜೀವ. ನಿನ್ನಿ ತಗದ ಕಟ್ಟಿಕೊಂಡ ಮಲಗಿದ್ದೆ. ಇವಿಲ್ಲಂದ್ರ ಯಾವ ಮನಷ್ಯಾನ ಕೈಯಾಗೂ ಅದು ನಡಿಯಾಂಗಿಲ್ಲ.”

“ನಡದೈತೇನು?”

“ನಡದೈತಿ.”

ರುಕ್ಮವ್ವ ಆ ಕಪ್ಪು ತುಂಡುಗಳನ್ನು ನೋಡುತ್ತಲೇ ಇದ್ದಳು. ಒಲೆಯ ಹತ್ತಿರ ಲಗಮಣ್ಣನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಂದ್ರ ಜೀವ ಇದ್ದಾಂವ ಮಾಡೂ ಕೆಲಸ ಅಲ್ಲ” ಎಂದಳು ರುಕ್ಮವ್ವ.

ಗಂಗಾರಾಮ ಹೌದೆಂದು ತಲೆಯಾಡಿಸಿದ.

“ನಿನ್ನ ಕಾಲ ಹ್ಯಾಂಗೈತಿ?”

“ನೋವಿಲ್ಲ.”

ಅವಳು ಅಳಲಿಲ್ಲ. ಅವನ ಅಂಗೈಯನ್ನು ಮಡಿಸಿ ತುಂಡುಗಳನ್ನು ಒಳಗೆ ಮುಚ್ಚಿದಳು. “ಹಂಗಾದ್ರ ಇವನ್ನ ಹೊಳ್ಳಿ ಹಾಕಿಬಿಡು ಅಣ್ಣಾ. ಕೈಲೇ ತಿಕ್ಕಿ ತಿಕ್ಕಿ ದಣದಿರ್ತಾನ.”

ಆಮೇಲೆ ಒಳಗೆ ತಿರುಗಿ, “ಲಗಮಾ, ನಾಳೆ ನಿನ್ನ ತಮ್ಮನ ದಿನಕರ್ಮಾ ಮಾಡೂನು, ಭಟ್ಟರಿಗೆ ಹೇಳಿ ಬಾ” ಎಂದಳು. ಸೊಸೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದು ಮುಂದಿಟ್ಟಳು. ರುಕ್ಮವ್ವ ತುತ್ತು ಮುರಿದು ಬಾಯಿಗಿಟ್ಟುಕೊಂಡು ಕಲ್ಲು ಅಗಿದ ಹಾಗೆ ಅಗಿದಳು. ಗಂಗಾರಾಮ ಎದ್ದು ಹೋಗಲಿಲ್ಲ. ಮೊಣಕಾಲಿನ ಮೇಲಿಟ್ಟ ಅವನ ಕೈಯ ಕೆಳಗೆ ಏನೋ ಮಷೀನಿನ ಹಾಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದನ್ನು ಒತ್ತಿ ಹಿಡಿದುಕೊಂಡು, ಅವಳ ಎರಡನೆಯ ರೊಟ್ಟಿ ಮುಗಿಯುವ ತನಕ ಅಲ್ಲೇ ಕೂತಿದ್ದ.