ಸೋಮಪ್ಪಾರ ಹೆಸರಿಲ್ಲದ ಒಡಪು

ಯಾರರೆ ಆ ಯುವರಾಜನ ಹಾಡ ಭಾಳ ಛಲೋ ಐತಿ ಅಂದ್ರ ನನಗ ಮೈ ಉರೀತೈತಿ. ನಮ್ಮ ಬೈಲಹೊಂಗಲದಾಗ ಈಗ ಆಟೋದಾಗೂ ಅದ ಹಾಡು, ಮದಿವಿ ಡಿಜೆದಾಗೂ ಅದ ಹಾಡು. ನನ್ನ ಅಂಗಡಿಗೆ ಜಂಪರ ಹೊಲಸಾಕ ಬರೂ ಹುಡಿಗ್ಯಾರ ಫೋನಿನ್ಯಾಗೂ ಅದ. "ಬಂದ್ ಮಾಡ್ರಿ ಅದನ್ನ" ಅಂತೇನಿ. "ಯಾಕ್ರಿ ಶೈಲಜಕ್ಕಾ, ಜನಪದ ಅಂದ್ರ ಆಗೂದಿಲ್ಲೇನ್ರಿ?" ಅಂತಾರ. ಎಲ್ಲೀ ಜನಪದನವ್ವಾ? ಅದು ನಮ್ಮ ಬಾಜೂಮನಿ ದೇವಕ್ಕನ ಒಡಪು. ಆಕಿ ಗಂಡನ ಹೆಸರ ಇದ್ದ ಒಡಪು.

ದೇವಕ್ಕನ ಹಿಟ್ಟಿನ ಗಿರಣಿಗೂ ನನ್ನ ಹೊಲಿಗಿ ಅಂಗಡಿಗೂ ನಡುವ ಒಂದ ಗ್ವಾಡಿ ಅಷ್ಟ. ಗಿರಣಿ ಚಾಲೂ ಆತಂದ್ರ ನನ್ನ ಸೂಜಿ ಡಬ್ಬಿ ಕುಣೀತೈತಿ. ಆಕಿ ಗಂಡ ಸೋಮಪ್ಪಾರಿಗೆ ಹಾಡಿನ ಹುಚ್ಚು. ಮೂಲ್ಯಾಗ ಒಂದ ಸಣ್ಣ ಟೀವಿ ಕೂಡಿಸಿದ್ರು. ಹಾಡಿನ ಕಾರ್ಯಕ್ರಮ ಬರೂ ಹೊತ್ತಿಗೆ ಗಿರಣಿ ಬಂದ್ ಮಾಡಾವ್ರು. ಬೀಸಾಕ ಬಂದಾವ್ರೆಲ್ಲಾ ಜ್ವಾಳದ ಚೀಲದ ಮ್ಯಾಲ ಕುಂತ ನೋಡಾವ್ರು, ನಾನೂ ಹೊಲಿಗಿ ಬಿಟ್ಟ ಹೋಗ್ತಿದ್ದೆ. ಬೇಕಾದ ಹಾಡ ಬಂದ್ರ ಬಂತು, ಇಲ್ಲಾಂದ್ರ ಮುಂದಿನ ವಾರ. ಆಮ್ಯಾಲ ಎಲ್ಲಾರ ಕೈಯಾಗೂ ಫೋನ ಬಂತು. ಪಾಳಿಗೆ ಕುಂತ ಹತ್ತ ಮಂದಿ ಹತ್ತ ಹಾಡ ನೋಡಾಕ ಹತ್ತಿದ್ರು. ಗಿರಣಿ ಸಪ್ಪಳದಾಗ ಒಂದೂ ಕೇಳತಿರಲಿಲ್ಲ, ಆದ್ರೂ ನೋಡಾವ್ರ ನೋಡಾವ್ರು. ಟೀವಿನ್ನ ಯಾರೂ ಹಚ್ಚತಿರಲಿಲ್ಲ.

ದೇವಕ್ಕ ಹೆಸರಾದದ್ದು ಒಡಪ ಕಟ್ಟೂದರಾಗ. ನಮ್ಮ ಕಡಿ ಹೆಣಮಕ್ಕಳು ಗಂಡನ ಹೆಸರ ಬರೇ ಬಾಯಿಲೆ ಹೇಳೂದಿಲ್ಲ. ಮದಿವ್ಯಾಗ, ಬಸರಿ ಹೆಣ್ಣಿನ ಕುಬಸದಾಗ ಎಲ್ಲಾರೂ ಕೂಡಿ "ಹೆಸರ ಹೇಳವಾ" ಅಂತ ಕಾಡಿದ್ರ, ನಾಕ ಸಾಲ ಪ್ರಾಸ ಕಟ್ಟಿ ಅದರಾಗ ಹೆಸರ ಸೇರಿಸಿ ಹೇಳಬೇಕು. ನೇಸರಗಿ, ಸಿರಸಂಗಿ ಕಡಿಂದ ಲಗ್ನದ ಹುಡಿಗ್ಯಾರು ಬಂದು ದೇವಕ್ಕನ ಕಡೆ ಒಡಪ ಕಟ್ಟಿಸ್ಕೊಂಡ ಹೋಗಾವ್ರು. ಹುಡುಗನ ಹೆಸರೇನು, ಏನ ಉದ್ಯೋಗ, ಸಿಟ್ಟಿನಾಂವನೋ ನಗಿಯಾಂವನೋ, ಎಲ್ಲಾ ಕೇಳಿ ಹಿಟ್ಟ ಜರಡಿ ಹಿಡಕೋತನ ಕಟ್ಟಿಬಿಡಾಕಿ. ಆದ್ರ ತನ್ನದೊಂದು ಮಾತ್ರ ಯಾರಿಗೂ ಕೊಡತಿರಲಿಲ್ಲ:

"ಜ್ವಾಳಾ ಬೀಸಿ ಬೀಸಿ ಬೆಳ್ಳಗಾತು ಮೀಸಿ,
ಮುದುಕಾದ್ರಿ ಅಂದ್ರ ನಗತಾರ ಹಿಟ್ಟ ಸೂಸಿ,
ಸೆರಗಿಲೆ ಒರಸಿದ್ರ ಹರೇ ಬಂತ ತಿರಿಗಿ,
ಸೋಮಪ್ಪಾರ್ನ ನೋಡಾಕ ದಿನಾ ಬಂದೆ ಗಿರಣೀಗಿ."

ಸೋಮಪ್ಪಾರು ಅಲ್ಲೇ ಇದ್ರಂದ್ರ ಮೀಸಿ ಮುಟ್ಟಿ ನೋಡ್ಕೊಂಡ ಹೊರಗ ಎದ್ದ ಹೋಗಾವ್ರು. ಭಾಳ ನಾಚಿಕಿ ಮನಶಾ.

ಆರ ವರ್ಷದ ಹಿಂದ ಅವರು ಎದಿ ನೋಯ್ತೈತಿ ಅಂತ ಕುಂತಾವ್ರು ಮತ್ತ ಏಳಲಿಲ್ಲ. ಗಿರಣಿ ದೇವಕ್ಕ ನಡಸಾಕ ಹತ್ತಿದ್ಲು. ಗಂಡ ಇಲ್ಲದಾಕಿಗೆ ಹೆಸರ ಹೇಳಂತ ಯಾರ ಅಂತಾರ? ಕಾರ್ಯಕ್ಕ ಕರದ್ರೂ ಹಿಂದ ಕುಂದರಸ್ತಾರ. ಒಂದಿನ ನನ್ನ ಮುಂದ ಅಂದ್ಲು: "ಶೈಲಾ, ಅವರ ಹೆಸರ ಬಾಯಿಲೆ ಅನ್ನದ ವರ್ಷ ಆತ ನೋಡು."

ಫೋನಿನ್ಯಾಗ ಹಾಡಿನ ಕೆಳಗ ಮಂದಿ ಬರೀತಾರಲಾ, ಅದನ್ನ ತೋರಿಸಿದಾಕಿ ನಾನ. ಮೈಕ ಒತ್ತಿ ಮಾತಾಡಿದ್ರ ಅದ ಬರಕೋತೈತಿ ಅಂತ ಕಲಿಸಿದಾಕೀನೂ ನಾನ. ಮುನವಳ್ಳಿ ಕಡಿಯಾಂವ ಈ ಯುವರಾಜ ಆಗಿನ್ನೂ ಹೊಸಾ ಹಾಡಗಾರ. ಆಂವನ ಒಂದ ಹಾಡ ಆಕಿಗೆ ಸೇರಿತು. ಕರೆಂಟ ಹೋಗಿ ಗಿರಣಿ ನಿಂತ ಹೊತ್ತಿನ್ಯಾಗ, ಮೈಕ ಒತ್ತಿ ತನ್ನ ಒಡಪ ಹೇಳಿದ್ಲು, ಸೋಮಪ್ಪಾರ ಹೆಸರ ಸಹಿತ. ಮರದಿನ ನೋಡಿದ್ರ ಆಂವ ಅದಕ್ಕ ಕೆಂಪ ಹಾರ್ಟ ಒತ್ತಿ, ಎಲ್ಲಾರಕಿಂತ ಮ್ಯಾಲ ಪಿನ್ ಮಾಡಿಟ್ಟಿದ್ದ. ಕೆಳಗ ನೂರಾರ ಮಂದಿ: "ದೇವಕ್ಕಾ ಸೂಪರ್", "ಸೋಮಪ್ಪ ಕಾಕಾ ಪುಣ್ಯವಂತ". ಆಕಿ ನನ್ನ ಕಡೆ ಎಲ್ಲಾನೂ ಓದಿಸಿದ್ಲು, ಎರಡೆರಡ ಸಲ. ಮೊದಲ ಹಾಡ ನೋಡಿ ಬಿಡತಿದ್ವಿ. ಈಗ ಹಾಡಗಾರ ತಿರುಗಿ ಮಾತಾಡತಾನ ಅಂದ್ರ ಯಾರಿಗೆ ಖುಷಿ ಆಗೂದಿಲ್ಲ ಹೇಳ್ರಿ.

ಹೋದ ವರ್ಷ ಯುವರಾಜ ತಾನ ಗಿರಣಿಗೆ ಬಂದ, ಕ್ಯಾಮೆರಾ ಹಿಡಿಯಾಂವನ್ನ ಕರಕೊಂಡು. ಬಂದಾಂವನ ದೇವಕ್ಕನ ಕಾಲ ಮುಟ್ಟಿದ. ರೊಟ್ಟಿ, ಪುಂಡಿಪಲ್ಯ, ಕೆಂಪಚಟ್ನಿ, ಎಲ್ಲಾ ಹೊಡದ ಖಾಲಿ ಮಾಡಿದ. ಆಕಿ ಕಡೆ ಮೂರ ಸಲ ಒಡಪ ಹೇಳಿಸಿ ಕ್ಯಾಮೆರಾದಾಗ ತುಂಬಿಕೊಂಡ. "ಅಕ್ಕಾ, ಇದನ್ನ ಹಾಡ ಮಾಡತೇನ್ರಿ. ಸೋಮಪ್ಪ ಮಾವನ ಹೆಸರ ಕರ್ನಾಟಕಾನ ಕೇಳಬೇಕ್ರಿ" ಅಂದ. ನನ್ನ ಕಿವಿಲೆ ಕೇಳೇನಿ. ಆಂವ ಹೋದ ಮ್ಯಾಲ ದೇವಕ್ಕ ಸೆರಗ ಬಾಯಿಗೆ ಹಿಡಕೊಂಡ ಅತ್ತಳು. "ಯಾರೂ ಕೇಳದ ಹೆಸರ ಆಂವ ಕೇಳಿದ್ನಲಾ ಶೈಲಾ" ಅಂದ್ಲು.

ಹಾಡ ಬಿಡೂ ದಿನ ಗೊತ್ತಾತು. ಸಂಜಿ ಐದಕ್ಕ ಪ್ರೀಮಿಯರ್ ಅಂತ. ಹಿಂಗಂದ್ರ ಎಲ್ಲಾರೂ ತಮ್ಮ ತಮ್ಮ ಫೋನಿನ್ಯಾಗ ಒಂದ ಹೊತ್ತಿಗೆ ಕಾಯಬೇಕು, ಸೆಕೆಂಡ ಇಳಕೋತ ಬರತಾವ, ಆಮ್ಯಾಲ ಎಲ್ಲಾರಿಗೂ ಒಮ್ಮೆಲೆ ಹಾಡ ಚಾಲೂ. ದೇವಕ್ಕ ಅವತ್ತ ನಾಕಕ್ಕ ಗಿರಣಿ ಬಂದ್ ಮಾಡಿದ್ಲು. ಓಣಿ ಹೆಣಮಕ್ಕಳನ್ನೆಲ್ಲಾ ಕರದ ಚುನಮರಿ ಕಲಸಿ ಕೊಟ್ಲು. ಫೋನ ಡಬ್ಬಿಗೆ ಆನಿಸಿ ಇಟ್ಟಿದ್ವಿ. ಟೀವಿ ಇದ್ದ ಕಾಲದ ಮ್ಯಾಲ ಅಷ್ಟ ಮಂದಿ ಅಲ್ಲಿ ಕೂಡಿದ್ದು ಅವತ್ತ.

ಚಾಲೂ ಆತು. ಯುವರಾಜ ಮೀಸಿಗೆ ಹಿಟ್ಟ ಬಡಕೊಂಡ ನಿಂತಾನ. ಯಾವುದೋ ಬೆಳ್ಳನ್ನ ಹುಡಿಗಿ ಸೆರಗಿಲೆ ಒರಸಾಕತ್ತಾಳ. "ಜ್ವಾಳಾ ಬೀಸಿ ಬೀಸಿ..." ದೇವಕ್ಕ ನನ್ನ ಕೈ ಗಟ್ಟ್ಯಾಗಿ ಹಿಡದ್ಲು. ಒಂದ ಸಾಲ, ಎರಡ ಸಾಲ, ಮೂರು. ನಾಕನೇದ ಬಂತು: "ರಾಜಾನ್ನ ನೋಡಾಕ ದಿನಾ ಬಂದೆ ಗಿರಣೀಗಿ."

"ಮುಂದ ಬರತೈತಿ ತಡಿ" ಅಂದ್ಲು ದೇವಕ್ಕ. ಎರಡನೇ ಸಲಾನೂ ರಾಜಾ. ಮೂರನೇ ಸಲಾನೂ ರಾಜಾ. ಹಾಡ ಮುಗೀತು. ಸಾಹಿತ್ಯ: ಯುವರಾಜ, ರಾಗ: ಯುವರಾಜ, ಗಾಯನ: ಯುವರಾಜ. "ನಾ ಎಲ್ಲೋ ಲಕ್ಷ್ಯ ಕೊಡಲಿಲ್ಲ, ಮತ್ತೊಮ್ಮೆ ಹಚ್ಚ" ಅಂದ್ಲು. ಹಚ್ಚಿದೆ. ನಾಕ ಸಲ ಹಚ್ಚಿದೆ. ಹೆಣಮಕ್ಕಳು ಒಬ್ಬೊಬ್ಬರ ಎದ್ದ ಹ್ವಾದ್ರು.

ಆಕಿ ಮೈಕ ಒತ್ತಿ "ತಮ್ಮಾ, ಮಾವನ ಹೆಸರ ಮರತಿ ಏನು?" ಅಂತ ಹಾಕಿದ್ಲು. ಹತ್ತ ಮಿನಿಟಿನ್ಯಾಗ ಮಾಯ. ನಾ ಬರದೆ, ಅದೂ ಮಾಯ. ಹಳೇ ಹಾಡಿನ ಕೆಳಗ ಪಿನ್ ಮಾಡಿದ್ನಲಾ, ಆ ಒಡಪ ಹುಡಕಿದ್ರ ಅದನ್ನೂ ಮೊದಲ ತಗದಬಿಟ್ಟಿದ್ದ ಭಾಡ್ಯಾ. ವಾರ ಆದ್ರೂ ಆಂವ ಆಕಿ ಫೋನ ಎತ್ತಲಿಲ್ಲಂತ ನನ್ನ ನಂಬರಿನಿಂದ ಹಚ್ಚಿದೆ. ಬಾಯಿಗೆ ಬಂದಂಗ ಬೈದೆ. ಆಂವ ಮೆತ್ತಗ ಅಂತಾನ: "ಅಕ್ಕಾ, ಸೋಮಪ್ಪ ಅಂತ ಇಟ್ರ ಹಾಡ ಒಬ್ಬರದ ಆಗತೈತ್ರಿ. ರಾಜಾ ಅಂತ ಇಟ್ಟಿದ್ದಕ್ಕ ನೋಡ್ರಿ, ಎಲ್ಲಾ ಹೆಣಮಕ್ಕಳೂ ಅಲ್ಲಿ ತಮ್ಮ ಗಂಡನ ಹೆಸರ ಹಾಕ್ಕೊಂಡ ರೀಲ್ಸ್ ಮಾಡಾಕತ್ಯಾರ. ಈಗಿನ ಮಂದಿ ಬರೇ ನೋಡೂದಿಲ್ರಿ, ತಾವೂ ಮಾಡಬೇಕ ಅವರಿಗೆ." ಉಂಡ ಮನಿಗೆ ಎರಡ ಬಗದದ್ದಲ್ಲದ ನನಗ ಪಾಠ ಹೇಳತಾನ! ಫೋನ ಇಟ್ಟೆ.

ಇದೆಲ್ಲಾ ಆಗಿ ಎರಡ ತಿಂಗಳಿಗೆ ನನ್ನ ತಂಗಿ ಮಗಳು ಐಶ್ವರ್ಯಾನ ಕುಬಸ. ಸವದತ್ತ್ಯಾಗ. ದೇವಕ್ಕನೂ ಬಂದಿದ್ಲು, ನನ್ನ ಬಾಜೂಕ, ಹಿಂದಿನ ಸಾಲಿನ್ಯಾಗ ಕುಂತಿದ್ಲು. ಹಸರ ಬಳಿ ಇಟ್ಟು, ಉಡಿ ತುಂಬಿ, "ಹೆಸರ ಹೇಳ ಐಶೂ" ಅಂತ ಎಲ್ಲಾರೂ ಗಂಟ ಬಿದ್ರು. ಐಶ್ವರ್ಯಾ ನಕ್ಕೋತ ಹೇಳಿಬಿಟ್ಲು: "ಜ್ವಾಳಾ ಬೀಸಿ ಬೀಸಿ ಬೆಳ್ಳಗಾತು ಮೀಸಿ..." ಕಡೀಕ "ಸಚಿನ್ನ ನೋಡಾಕ ದಿನಾ ಬಂದೆ ಗಿರಣೀಗಿ." ಆ ಸಚಿನ ಬ್ಯಾಂಕಿನ್ಯಾಗ ಇರತಾನ, ಮೀಸಿ ಬೋಳಿಸ್ಕೊಂಡಾನ, ಗಿರಣಿ ಮಾರಿ ಕಂಡಾಂವಲ್ಲ. ಆದ್ರೂ ಚಪ್ಪಾಳಿ ಏನು, ಸೀಟಿ ಏನು.

ದೇವಕ್ಕ ಎದ್ದ ನಿಂತಳು. ಯಾರೂ ಕೇಳಿರಲಿಲ್ಲ. ಹಿರ್ಯಾರು ಒಬ್ಬರ ಮಾರಿ ಒಬ್ಬರು ನೋಡಿದ್ರು, ಕುಬಸದಾಗ ಗಂಡ ಇಲ್ಲದಾಕಿ ಎದ್ದ ನಿಂತಳಂತ. ಆಕಿ ನಾಕೂ ಸಾಲ ಹೇಳಿದ್ಲು, ಒಂದ ಅಕ್ಷರ ನಡಗದಂಗ. ಕಡೀಕ "ಸೋಮಪ್ಪಾರ್ನ ನೋಡಾಕ ದಿನಾ ಬಂದೆ ಗಿರಣೀಗಿ" ಅಂದು ಸುತ್ತ ನೋಡಿದ್ಲು.

ಒಂದ ಹುಡಿಗಿ ಆಗಲೇ ಫೋನ ಎತ್ತಿ ಹಿಡದಿದ್ಲು. "ಆಹಾ ದೊಡ್ಡವ್ವಾ, ನೀವೂ ಯುವರಾಜನ ಫ್ಯಾನ್ ಏನ್ರಿ? ಇನ್ನೊಮ್ಮೆ ಹೇಳ್ರಿ. ಆದ್ರ ಕಡೀ ಸಾಲ ತಪ್ಪ ಹೇಳಿದ್ರಿ. ಹಾಡಿನ್ಯಾಗ ರಾಜಾ ಅಂತ ಐತ್ರಿ."

ದೇವಕ್ಕ ನನ್ನ ಮಾರಿ ನೋಡಿದ್ಲು. ನನ್ನ ತಂಗಿ ದೂರದಿಂದ ಕಣ್ಣಿಲೇ ಸನ್ನಿ ಮಾಡಾಕತ್ತಿದ್ಲು: ಸುಮ್ಮ ಕೂಡಸ, ಕಾರ್ಯ ಕೆಡತೈತಿ. ಬೀಗರು ಕುಂತಾರ, ಬಸರ ಹೆಣ್ಣ ಐತಿ, ಜಗಳ ಯಾಕ ಅನಿಸಿತು. ಯುವರಾಜಗ ಫೋನಿನ್ಯಾಗ ಒದರಾಡಿದಾಕಿ ನಾನು. ಅವತ್ತ ದೇವಕ್ಕನ ಸೀರಿ ಜಗ್ಗಿ "ಕೂಡವಾ" ಅಂದೆ.

"ಹೂಂ ತಂಗೀ, ತಪ್ಪಾತು" ಅಂತ ಆ ಹುಡಿಗಿಗೆ ಅಂದು ದೇವಕ್ಕ ಕುಂತಳು.

ತಿರುಗಿ ಬರೂವಾಗ ಬಸ್ಸಿನ್ಯಾಗ ಒಂದ ಸೀಟಿನ್ಯಾಗ ಕುಂತ ಬಂದ್ವಿ. ಊರ ಬಂದ ಮ್ಯಾಲ ನಾನ ತಡೀಲಾರದ ಆ ಯುವರಾಜನ್ನ ಬೈಯಾಕ ಹತ್ತಿದೆ. ಆಂವನ ಮನಿ ಹಾಳಾಗ್ಲಿ, ಆಂವನ ಬಾಯಿ ಬಿದ್ದ ಹೋಗ್ಲಿ ಅಂತ. ದೇವಕ್ಕ ಪೂರಾ ಕೇಳಿಸ್ಕೊಂಡ್ಲು.

"ಆಂವಗ ಬೈಬ್ಯಾಡ ಶೈಲಾ" ಅಂದ್ಲು. "ಆಂವ ಎಲ್ಲಿಯಾಂವೋ ಏನೋ. ನೀ ನನ್ನ ಬಾಜೂಕ ಕುಂತಿದ್ದಿ."