ಏಕಾದಶಿಯ ದಿನ ಓಡುತ್ತಿದ್ದ ಲೈನು

2023ರ ಮಳೆಗಾಲ. ರಾಯಚೂರಿನ ಒಂದು ಖಾಸಗಿ ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲಿ ನಾನು ನೆಟ್‌ವರ್ಕ್ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೈಕೆಳಗೆ ಯಾರೂ ಇರಲಿಲ್ಲ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಿದ್ದರು, ಫ್ಯಾನ್ ತಿರುಗದಿದ್ದರೂ ನನ್ನನ್ನೇ.

ನಮಗೆ ದೇವದುರ್ಗದಲ್ಲೊಂದು, ಮಾನ್ವಿಯಲ್ಲೊಂದು ಶಾಖೆ. ಗಬ್ಬೂರು, ಜಾಲಹಳ್ಳಿ, ಕಲ್ಲೂರುಗಳಲ್ಲಿ ರಕ್ತ ತೆಗೆದುಕೊಳ್ಳುವ ಸಣ್ಣ ಕೇಂದ್ರಗಳು. ಶಾಖೆಯಲ್ಲಿ ತೆಗೆದ ಎಕ್ಸ್-ರೇ ಚಿತ್ರ ಮೊದಲು ಕ್ಲೌಡ್‌ಗೆ ಹೋಗುತ್ತದೆ. ಕ್ಲೌಡ್ ಎಂದರೆ ಆಕಾಶದಲ್ಲಿ ಏನೂ ಇಲ್ಲ, ಮುಂಬೈಯಲ್ಲಿ ನಾವು ಬಾಡಿಗೆಗೆ ಹಿಡಿದ ಕಂಪ್ಯೂಟರು, ಅಷ್ಟೇ. ರಾಯಚೂರಿನ ಡಾಕ್ಟರು ಅಲ್ಲಿಂದ ಚಿತ್ರ ತೆರೆದು ನೋಡಿ ರಿಪೋರ್ಟ್ ಬರೆಯುತ್ತಾರೆ.

ಮಾನ್ವಿಯ ಚಿತ್ರ ಎರಡು ನಿಮಿಷದಲ್ಲಿ ಬರುತ್ತಿತ್ತು. ದೇವದುರ್ಗದ್ದು ಬೆಳಿಗ್ಗೆ ಹತ್ತರೊಳಗೆ ಕಳಿಸಿದರೆ ಎರಡು ನಿಮಿಷ, ಹತ್ತೂವರೆ ದಾಟಿದರೆ ನಲವತ್ತು. ಜಾಲಹಳ್ಳಿಯಿಂದ ಕೈ ಮುರಿದುಕೊಂಡು ಬಂದವರು ರಿಪೋರ್ಟಿಗೆ ಕಾದೂ ಕಾದೂ ಬಸ್ ತಪ್ಪಿಸಿಕೊಂಡು, ಉಳಿದೊಂದು ಕೈಯನ್ನು ನಮ್ಮತ್ತ ಎತ್ತಿ ಶಾಪ ಹಾಕುತ್ತಿದ್ದರು.

ಆ ಶಾಪವೆಲ್ಲ ಬೀಳುತ್ತಿದ್ದುದು ರಜಿಯಾಳ ಮೇಲೆ. ದೇವದುರ್ಗದ ಶಾಖೆಯ ಟೆಕ್ನಿಷಿಯನ್ ಅವಳು. ಮನೆಯಲ್ಲಿ ಎಂಟು ತಿಂಗಳ ಮಗು. ಮಧ್ಯಾಹ್ನ ಹನ್ನೆರಡಕ್ಕೆ ಅತ್ತೆ ಮಗುವನ್ನು ಎತ್ತಿಕೊಂಡು ಬರುತ್ತಿದ್ದರು, ಇವಳು ಹಿಂದಿನ ಕೋಣೆಗೆ ಹೋಗಿ ಹಾಲು ಕುಡಿಸಿ ಕಾಲು ಗಂಟೆಯಲ್ಲಿ ಕುರ್ಚಿಗೆ ಮರಳುತ್ತಿದ್ದಳು.

ಖಾಲಿ ಕುರ್ಚಿಯ ಆ ಕಾಲು ಗಂಟೆ ನಮ್ಮ ಮ್ಯಾನೇಜರ್ ಗುರುರಾಜಾಚಾರ್ಯರ ಕಣ್ಣಿಗೆ ಬಿದ್ದಿತ್ತು. ಆಚಾರ್ಯರು ಮಾನ್ವಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾಗಿ ಇಲ್ಲಿಗೆ ಬಂದವರು. ಒಳ್ಳೆಯ ಮನುಷ್ಯರು, ಆದರೆ ಕ್ಲಾಸಿನ ಕೊನೆಯ ಬೆಂಚಿನ ಮೇಲೆ ಕಣ್ಣಿಡುವ ಚಟ ಹೋಗಿರಲಿಲ್ಲ. ದೇವದುರ್ಗದ ಶಾಖೆಯ ಕ್ಯಾಮೆರಾ ತಮ್ಮ ಕೋಣೆಯ ಟಿವಿಯಲ್ಲಿ ಕಾಣಬೇಕೆಂದು ಹೇಳಿ ನನ್ನಿಂದಲೇ ಹಾಕಿಸಿಕೊಂಡಿದ್ದರು.

"ಆಕಿ ಕೆಲಸ ಮಾಡೂದಿಲ್ರಿ ಸುಧಾಬಾಯಿ. ಹನ್ನೆರಡಕ್ಕ ನೋಡ್ರಿ, ಕುರ್ಚಿ ಖಾಲಿ! ಆಕಿನ್ನ ಮಾನ್ವಿಗೆ ಹಾಕ್ತೀನಿ, ಮಾನ್ವಿಯವನ್ನ ದೇವದುರ್ಗಕ್ಕ."

ವರ್ಗಾವಣೆಯ ಆದೇಶ ಟೈಪ್ ಆಗಿ ಪೇಪರ್‌ವೇಟಿನ ಕೆಳಗೆ ಕೂತಿತ್ತು. ಸೋಮವಾರ ಸಹಿ. ದಿನಾ ದೇವದುರ್ಗದಿಂದ ಮಾನ್ವಿಗೆ ಹೋಗಿಬರುವುದೆಂದರೆ ಹಾಲು ಕುಡಿಯುವ ಮಗುವಿನ ತಾಯಿಗೆ ಅದು ವರ್ಗಾವಣೆಯಲ್ಲ, ಕೆಲಸ ಬಿಡು ಎಂದ ಹಾಗೆ.

ಗುರುವಾರ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ನಾನು ದೇವದುರ್ಗದ ಬಸ್ ಹತ್ತಿದೆ. ಕೇಬಲ್ ಬದಲಿಸಿದೆ. ರೌಟರ್ ಬದಲಿಸಿದೆ. ಎಕ್ಸ್-ರೇ ಯಂತ್ರದ ಹಿಂದೆ ಹೊಕ್ಕು ಸೀರೆಗೆಲ್ಲ ಜೇಡರಬಲೆ ಮಾಡಿಕೊಂಡೆ. ನಲವತ್ತು ನಿಮಿಷ ನಲವತ್ತೇ ಉಳಿಯಿತು. ಊಟಕ್ಕೆ ಕೂತಾಗ ರಜಿಯಾ ಗೋಡೆಯ ಕ್ಯಾಲೆಂಡರ್ ಇಳಿಸಿ ತಂದಳು. ಇಂಟರ್ನೆಟ್ ಲೈನು ಚೆನ್ನಾಗಿದ್ದ ದಿನಗಳಿಗೆಲ್ಲ ಹಸಿರು ಪೆನ್ನಿನ ಗುರುತು.

"ನೋಡ್ರಿ ಅಕ್ಕಾರ, ಎಲ್ಲಾ ಐತವಾರ ಛಲೋ ಅದ. ಮತ್ತ ಇದು ಒಂದು, ಇದು ಒಂದು. ಇಲ್ಲಿ ಏನು ಛಾಪಿಸ್ಯಾರ ಓದ್ರಿ."

ಓದಿದೆ. ಎರಡೂ ಏಕಾದಶಿ. ಹಿಂದಿನ ತಿಂಗಳು ತಿರುವಿದೆ. ಅಲ್ಲಿಯೂ ಎರಡು ಏಕಾದಶಿ, ಎರಡಕ್ಕೂ ಹಸಿರು ಗುರುತು.

"ಕೇಬಲ್‌ಗೂ ಏನು ಉಪವಾಸ ಇರ್ತದೇನವಾ?"

"ನಂಗೇನು ಗೊತ್ತ್ರಿ? ಹಬ್ಬ ನಿಮ್ಮದು, ನೀವ ಹೇಳ್ಬೇಕು."

ಇಬ್ಬರೂ ನಕ್ಕೆವು. ಅವಳ ನಗು ಬೇಗ ನಿಂತಿತು. "ಅಕ್ಕಾರ, ಸೋಮವಾರ ಸಹಿ ಆಗ್ತದಂತ ಖರೇನಾ?" ಎಂದಳು. "ನಾಳೆ ಸರ್ ಕಡೆ ಹೋಗಿ ಮಾತಾಡ್ತೀನವಾ," ಎಂದೆ.

ಅಲ್ಲಿಯವರೆಗೆ ನಮ್ಮ ನೆಟ್‌ವರ್ಕ್ ಇದ್ದದ್ದು ನನ್ನ ನೋಟುಬುಕ್ಕಿನಲ್ಲಿ. ಯಾವ ಯಂತ್ರ ಯಾವುದಕ್ಕೆ ಜೋಡಿಸಿದೆ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟದ್ದು. ಆ ವಾರವಷ್ಟೇ ಇಂಟರ್‌ಆ್ಯಕ್ಟಿವ್ ಟೊಪಾಲಜಿ ಮ್ಯಾಪ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಅದು ನೆಟ್‌ವರ್ಕ್ ತಡಕಾಡಿ ತಾನೇ ನಕ್ಷೆ ಬರೆಯುತ್ತದೆ. ಪ್ರತಿ ಜಾಗ, ಪ್ರತಿ ಯಂತ್ರ ಒಂದು ಚುಕ್ಕೆ. ಅವುಗಳ ನಡುವೆ ಗೆರೆ. ಹೆಚ್ಚು ಡೇಟಾ ಓಡಿದಷ್ಟೂ ಗೆರೆ ದಪ್ಪ. ಚುಕ್ಕೆಯನ್ನು ಮೌಸ್‌ನಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಬಹುದು, ಗೆರೆಯನ್ನು ಒತ್ತಿದರೆ ತಾನು ಯಾರೆಂದು ಹೇಳುತ್ತದೆ. ನಕ್ಷೆಯಲ್ಲಿ ದೇವದುರ್ಗದ ಗೆರೆ ದಪ್ಪಗೆ ಕಂಡಿತ್ತು. ಎಕ್ಸ್-ರೇ ಚಿತ್ರಗಳೇ ಭಾರ ಇರಬೇಕು ಎಂದು ನಾನು ಸುಮ್ಮನಾಗಿದ್ದೆ.

ಶುಕ್ರವಾರ ಹನ್ನೊಂದಕ್ಕೆ ಆಚಾರ್ಯರ ಕೋಣೆಗೆ ಹೋಗಿ, ಅವರ ಕಂಪ್ಯೂಟರಿನಲ್ಲೇ ನಕ್ಷೆ ತೆರೆದೆ. ಎರಡು ವಾರ ಗಡುವು ಕೇಳುವುದು ನನ್ನ ಉದ್ದೇಶ. ಆಚಾರ್ಯರು ಕನ್ನಡಕ ಏರಿಸಿ ನೋಡಿದರು.

"ಇದೇನ್ರಿ? ಮಾನ್ವಿ ಮ್ಯಾಲದ, ದೇವದುರ್ಗ ಕೆಳಗದ! ಯಾವ ಮಾಸ್ತರ ಕಲಿಸ್ಯಾನ ಇದಕ್ಕ ಭೂಗೋಳ?"

"ಸರ್, ಇದು ಊರಿನ ನಕ್ಷೆ ಅಲ್ಲ. ಯಾವುದು ಯಾವುದಕ್ಕ ಜೋಡಿಸ್ಯದ ಅಷ್ಟ ತೋರಿಸ್ತದ. ದಿಕ್ಕಿಗೆ ಅರ್ಥ ಇಲ್ಲ."

"ದಿಕ್ಕಿಗೆ ಅರ್ಥ ಇಲ್ಲ?" ಮೂವತ್ತು ವರ್ಷದ ಸರ್ವೀಸಿಗೇ ನಾನು ಕಲ್ಲೆಸೆದಂತೆ ನೋಡಿದರು. "ಗಬ್ಬೂರು ಎಲ್ಲೋ ಮೂಲ್ಯಾಗ ಬಿದ್ದದ. ದೇವದುರ್ಗದಿಂದ ಹೊಂಟದ್ದು ಗಬ್ಬೂರು ಮುಟ್ಟದ ರಾಯಚೂರಿಗೆ ಹ್ಯಾಂಗ ಬರ್ತದ?"

"ಡೇಟಾ ಬಸ್ಸಲ್ರಿ ಸರ್."

"ಏನರ ಇರ್ಲಿ, ದಾರಿ ದಾರಿನ. ಸರೀರಿ ಈ ಕಡೆ."

ಮೌಸ್ ಅವರ ಕೈಗೆ ಹೋಯಿತು. ಮುಂದಿನ ಅರ್ಧ ಗಂಟೆ ಆಚಾರ್ಯರು ಜಿಲ್ಲೆಯನ್ನು ಸರಿಪಡಿಸಿದರು. ಕಲ್ಲೂರನ್ನು ಎಳೆದು ಮಾನ್ವಿ ರಸ್ತೆಯ ಮೇಲಿಟ್ಟರು. ಮುಂಬೈಯನ್ನು ಪರದೆಯ ವಾಯುವ್ಯ ತುದಿಗೆ ಅಟ್ಟಿದರು. ಜಾಲಹಳ್ಳಿ ಒಂದು ಬೆರಳು ಆಚೀಚೆ ಆದದ್ದಕ್ಕೆ ಮತ್ತೆ ಎಳೆದರು. ಸಹಿ ಮುಂದಕ್ಕೆ ಹೋದಷ್ಟೂ ಒಳ್ಳೆಯದೆಂದು ನಾನು ಸುಮ್ಮನೆ ನಿಂತಿದ್ದೆ. ಕೊನೆಗೆ ದೇವದುರ್ಗದ ಚುಕ್ಕೆ ಹಿಡಿದು ಗಬ್ಬೂರಿನ ಆಚೆಗೆ ಒಯ್ದು ಬಿಟ್ಟರು.

ಇಷ್ಟು ದಿನ ನಾನು ಒಂದೆಂದು ತಿಳಿದಿದ್ದ ಗೆರೆ ಎರಡಾಗಿ ಸೀಳಿತು. ಒಂದು ಸಣ್ಣದು, ದಾರದ ಹಾಗೆ, ಮುಂಬೈ ಕಡೆಗೆ. ಅದರಡಿ ಅಡಗಿದ್ದ ಇನ್ನೊಂದು ಹಗ್ಗದಷ್ಟು ದಪ್ಪ. ಅದು ಗಬ್ಬೂರಿನ ಮೇಲೆ ಹಾದು ನೇರ ರಾಯಚೂರಿಗೆ.

ಆಚಾರ್ಯರು ಮೇಜು ಗುದ್ದಿದರು. "ಹಾಂ! ನೋಡ್ರಿ, ಗಬ್ಬೂರು ರಸ್ತಿ! ನಾ ಏನು ಹೇಳಿದ್ದೆ? ಒತ್ರಿ, ಯಾರಂತ ನೋಡೋಣು."

ಒತ್ತಿದೆ. ಪುಟ್ಟ ಚೌಕ ತೆರೆಯಿತು. ಎಲ್ಲಿಂದ: ದೇವದುರ್ಗ ಕ್ಯಾಮೆರಾ. ಎಲ್ಲಿಗೆ: ಮ್ಯಾನೇಜರ್ ಕೋಣೆ, ಟಿವಿ. ಆರಂಭ: ಹತ್ತೂವರೆ.

ಹತ್ತೂವರೆ ಎಂದರೆ ಆಚಾರ್ಯರು ಪೂಜೆ, ತಿಂಡಿ ಮುಗಿಸಿ ಬಂದು ಟಿವಿ ಹಚ್ಚುವ ಹೊತ್ತು. ಇಬ್ಬರೂ ತಿರುಗಿ ಗೋಡೆ ನೋಡಿದೆವು. ಟಿವಿಯಲ್ಲಿ ರಜಿಯಾ ಗಲ್ಲಕ್ಕೆ ಕೈ ಕೊಟ್ಟು, ಮುಂದೆ ಸಾಗದ ಚಿತ್ರವನ್ನು ಕಾಯುತ್ತ ಕೂತಿದ್ದಳು. ಅವಳ ಬಳೆಯ ಹರಳು ಸಹಿತ ಎಣಿಸುವಷ್ಟು ಸ್ಪಷ್ಟ. ಆ ಸ್ಪಷ್ಟತೆಯೂ ನಾನೇ ಹಾಕಿಕೊಟ್ಟದ್ದು, "ಮಂದಿ ಮಾರಿ ಛಂದ ಕಾಣ್ಬೇಕ್ರಿ" ಎಂದಿದ್ದರು. ಸಣ್ಣ ಊರಿನ ಸಣ್ಣ ಲೈನು, ಈ ವಿಡಿಯೋ ಓಡುವಷ್ಟು ಹೊತ್ತು ಎಕ್ಸ್-ರೇ ಚಿತ್ರಕ್ಕೆ ಅದರಲ್ಲಿ ಜಾಗವೇ ಇಲ್ಲ. ಅವಳು ತಡ ಮಾಡುತ್ತಾಳೋ ಎಂದು ಇವರು ನೋಡುತ್ತಿದ್ದರು, ಇವರು ನೋಡುತ್ತಿದ್ದುದರಿಂದಲೇ ಅವಳಿಗೆ ತಡವಾಗುತ್ತಿತ್ತು.

ಆಚಾರ್ಯರು ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದರು. ನಕ್ಷೆಯ ಹಗ್ಗ ಸೊರಗಿ ಮಾಯವಾಯಿತು. ಐದು ನಿಮಿಷವೂ ಆಗಿರಲಿಲ್ಲ, ನನ್ನ ಫೋನು. ಸ್ಪೀಕರ್ ಹಾಕಿದೆ.

"ಅಕ್ಕಾರ! ನಾಕೂ ಚಿತ್ರ ಒಮ್ಮಿಗೆ ಹೋದ್ವು! ಇವತ್ತ ಏಕಾದಶಿ ಅದೇನ್ರಿ?"

"ಇಲ್ಲವಾ, ಇವತ್ತು ಬರೇ ಪಂಚಮಿ," ಎಂದರು ಆಚಾರ್ಯರು, ಅಭ್ಯಾಸಬಲದಿಂದ. ಆಮೇಲೆ ನನ್ನತ್ತ, "ಏಕಾದಶಿ ಎಲ್ಲಿಂದ ಬಂತ್ರಿ ಇದರಾಗ?"

ಕ್ಯಾಲೆಂಡರಿನ ಕಥೆ ಹೇಳಲೇಬೇಕಾಯಿತು. ಭಾನುವಾರ ಅವರಿಗೆ ರಜೆ. ಏಕಾದಶಿಯ ದಿನವೂ ಅವರು ಆಫೀಸಿಗೆ ಬರುವುದಿಲ್ಲ, ಮಠದಲ್ಲಿರುತ್ತಾರೆ. ಹೇಳುತ್ತ ಹೇಳುತ್ತ ನನಗೂ ಆಗಲೇ ಹೊಳೆದದ್ದು. ಆಚಾರ್ಯರು ರಿಮೋಟನ್ನು ಮೇಜಿನ ಮೇಲಿಟ್ಟರು.

"ಅಂದ್ರ ನಾ ಉಪವಾಸ ಇದ್ದ ದಿನ ಆಕಿ ಲೈನ್ ಹೊಟ್ಟಿ ತುಂಬ ಉಣ್ತಿತ್ತು."

"ಹನ್ನೆರಡಕ್ಕ ಕುರ್ಚಿ ಖಾಲಿ ಯಾಕಿರ್ತದ ಅಂದ್ರ, ಕೂಸಿಗೆ ಹಾಲು ಕುಡಿಸಾಕ ಹೋಗಿರ್ತಾಳ್ರಿ ಸರ್," ಎಂದೆ. ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. "ಲೈನ್ ತುಂಬಿಸಿದವರಾಗ ನಾನೂ ಇದ್ದೀನಿ."

ಆಚಾರ್ಯರು ಪೇಪರ್‌ವೇಟ್ ಎತ್ತಿ ಆದೇಶದ ಹಾಳೆ ತೆಗೆದರು. ಹರಿಯಲಿಲ್ಲ, ಮಾಸ್ತರಾಗಿದ್ದವರು, ಕಾಗದ ಕೆಡಿಸುವವರಲ್ಲ. ಮಗುಚಿ, ಹಿಂಬದಿಯಲ್ಲಿ ದೇವದುರ್ಗ, ಗಬ್ಬೂರು, ಮಾನ್ವಿ, ಕಲ್ಲೂರುಗಳನ್ನು ಸರಿಯಾದ ದಿಕ್ಕಿನಲ್ಲಿ ಬರೆದು, "ಕಂಪ್ಯೂಟರಿನ್ಯಾಗ ಹಿಂಗ ಕಾಯಂ ಮಾಡ್ರಿ" ಎಂದು ಕೊಟ್ಟರು. ರಜಿಯಾಳಿಗೆ ಮಧ್ಯಾಹ್ನ ಅರ್ಧ ಗಂಟೆ ಬಿಡುವಿನ ಕಾಗದ ಸೋಮವಾರ ಹೋಯಿತು, ಅವರದೇ ಸಹಿಯೊಂದಿಗೆ.

ಆ ನಕ್ಷೆ ಇಂದಿಗೂ ಆಚಾರ್ಯರಿಟ್ಟ ಹಾಗೆಯೇ ಇದೆ. ಹೊರಗಿನಿಂದ ಬರುವ ಎಂಜಿನಿಯರುಗಳು ನೋಡಿ ನಗುತ್ತಾರೆ. ನಾನು ಒಂದು ಚುಕ್ಕೆಯನ್ನೂ ಸರಿಸಿಲ್ಲ. ನಕ್ಷೆ ನನಗೆ ಗೆರೆಗಳನ್ನು ತೋರಿಸಿತು. ಯಾವ ದಿನ ಏನಾಗುತ್ತದೆ ಎಂಬುದನ್ನು ಮಾತ್ರ ಅದಕ್ಕೂ ಮೊದಲೇ ಹಸಿರು ಪೆನ್ನೊಂದು ಹೇಳಿತ್ತು, ನಾನು ನಕ್ಕು ಬಿಟ್ಟಿದ್ದೆ. ಈಗ ಯಾವ ಶಾಖೆಯಿಂದ ದೂರು ಬಂದರೂ ಕಂಪ್ಯೂಟರ್ ತೆರೆಯುವ ಮೊದಲು ಅಲ್ಲಿ ಕೂತವರನ್ನು ಕೇಳುತ್ತೇನೆ, ಯಾವ ಯಾವ ದಿನ ಛಲೋ ಇತ್ತು ಎಂದು.

ಮುಂದೊಮ್ಮೆ ದೇವದುರ್ಗಕ್ಕೆ ಹೋದಾಗ ಗೋಡೆಯ ಕ್ಯಾಲೆಂಡರ್ ನೋಡಿದೆ. ಒಂದೂ ಹಸಿರು ಗುರುತಿಲ್ಲ. ಲೈನು ಮತ್ತೆ ಕೆಟ್ಟಿತೇ ಎಂದು ಕೇಳಿದೆ. ರಜಿಯಾ ಮಗುವಿನ ಮೂಗು ಒರೆಸುತ್ತ ನಕ್ಕಳು.

"ಬಿಟ್ಟೀನ್ರಿ ಅಕ್ಕಾರ. ದಿನಾ ಏಕಾದಶಿ ಆದ್ರ ಎಷ್ಟಂತ ಗುರುತು ಹಾಕೂದು?"