ಕಿಸೆಯಲ್ಲಿ ನಳದ ಹಿಡಿಕೆ

ದಸ್ತಗೀರಸಾಬರು ನಡೆದು ಬಂದರೆ ಮೊದಲು ಅವರ ಕಿಸೆ ಸದ್ದು ಮಾಡುತ್ತಿತ್ತು. ರೊಕ್ಕದ ಸದ್ದಲ್ಲ, ನಳದ ಹಿಡಿಕೆಗಳದು. ಕಾಂಕ್ರೀಟು ಹೊತ್ತ ಮಿಕ್ಸರ್ ಲಾರಿ ಬಂದು ನಿಂತದ್ದೇ ತಡ, ಅದರ ನೀರಿನ ಟಾಕಿಯ ಹಿಡಿಕೆ ಬಿಚ್ಚಿ ಕಿಸೆಗೆ ಹಾಕಿಕೊಳ್ಳುವರು. ಲಾರಿ ಖಾಲಿಯಾದ ಮೇಲೆಯೇ ವಾಪಸು. ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವ ನಮ್ಮ ಸೀಮೆಯಲ್ಲಿ, ಬಂದ ಲಾರಿಯ ನೀರನ್ನೇ ಕಟ್ಟಿಹಾಕುವ ಈ ಮನುಷ್ಯನನ್ನು ಜನ ಅನುಮಾನದಿಂದ ನೋಡಿದ್ದು ಸಹಜ.

ರಾಜೂರ ಸುತ್ತ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳು ಏಳುತ್ತಿದ್ದವು. ಬುನಾದಿಗೆ ಆಳು ಒದಗಿಸುವ ಗುತ್ತಿಗೆ ನನ್ನದು. ಲಾರಿ ತಂದ ಮಾಲು ಪರೀಕ್ಷಿಸಿ ಹೂಂ ಅಥವಾ ಊಹೂಂ ಅನ್ನುವ ಅಧಿಕಾರ ಕಂಪನಿ ಎಂಜಿನಿಯರರಾದ ಸಾಬರದು. ನನ್ನ ಗೌಂಡಿಗಳಿಗೆ ನೀರು ಬೆರೆಸಿದ ತೆಳ್ಳಗಿನ ಕಾಂಕ್ರೀಟೆಂದರೆ ಪ್ರೀತಿ. ತಾನೇ ಹರಿದು ಮೂಲೆ ಸೇರುತ್ತದೆ.

"ಇದು ಪಡಸಾಲಿಗೆ ಹಾಕೂ ಮಾಲಲ್ರಿ ಸಾವಕಾರ್ರ," ಎನ್ನುವರು ಸಾಬರು. "ಮ್ಯಾಲ ಗಾಳಿ ಹಗಲೂ ರಾತ್ರಿ ಜಗ್ಗತೈತಿ. ತಳದಾಗ ಇದ ಹಿಡಕೊಂಡ ನಿಂದರಬೇಕ. ನೀರ ಹೆಚ್ಚಾತಂದ್ರ ಹಿಡಿತಾ ಸಡ್ಲ."

ಅದೇ ಮಾಲು ಗಟ್ಟಿಯಾಯಿತೋ, "ಈಗ ಕುಡಸ್ರಿ, ಬಾಯಿ ಒಣಗಬಾರದ" ಎಂದು ಬುನಾದಿಯ ಮೇಲೆ ಒಡ್ಡು ಕಟ್ಟಿಸಿ ಕೆರೆಯನ್ನೇ ನಿಲ್ಲಿಸುವರು.

ಒಂದು ಫ್ಯಾನು ಏಳಲಿದ್ದ ಹೊಲದ ಮಾಲಕ ಶೇಖರಪ್ಪನವರು ಅದರ ಬುನಾದಿಗೆ ಮುಹೂರ್ತ ತೆಗೆಸಿದರು. ನಕ್ಷತ್ರ ನೋಡಿದರು, ರಾಹುಕಾಲ ನೋಡಿದರು. ಅಂದು ನರೇಗಲ್ ಸಂತೆ ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ. ಗದಗಿನಿಂದ ಲಾರಿ ಬರುವ ದಾರಿಯೇ ಅದು.

ಬುನಾದಿ ತುಂಬಲು ತೊಡಗಿದರೆ ನಡುವೆ ನಿಲ್ಲಿಸುವಂತಿಲ್ಲ. ಹಾಕಿದ ಪದರು ಬಿಗಿದರೆ ಹೊಸದು ಅದಕ್ಕೆ ಕೂಡದು; ಎಲ್ಲವನ್ನೂ ಒಡೆದು ತೆಗೆಯಬೇಕು. ಅರ್ಧ ತುಂಬಿತ್ತು. ನೆತ್ತಿಯ ಮೇಲೆ ಬಿಸಿಲು. ಲಾರಿ ಇಲ್ಲ. ಡ್ರೈವರನ ಫೋನು ಬಂತು: "ಮುಂದ ಉಳ್ಳಾಗಡ್ಡಿ, ಹಿಂದ ಕುರಿ, ನಡುವ ನಾನ್ರಿ ಸಾಹೇಬ್ರ."

ಅದರ ಹಿಂದೆ ಬರುತ್ತಿದ್ದ ಇನ್ನೊಂದು ಲಾರಿಯನ್ನು ರೋಣದ ದಾರಿಗೆ ತಿರುಗಿಸಲು ಹೇಳಿ, ಸಾಬರು ನನ್ನ ಗಾಡಿಯ ಹಿಂದೆ ಕುಳಿತರು. ನರೇಗಲ್ ಮುಟ್ಟಿದವರು ಮೊದಲು ಮಾಡಿದ್ದು ನಳದ ಹಿಡಿಕೆ ಬಿಚ್ಚಿದ್ದು. ಆಮೇಲೆ ಕೈಮುಗಿದು ಸಂತೆಯ ನಡುವೆ ನಿಂತರು.

"ಅಷ್ಟೇನ ಅವಸರದ್ದು ಐತಿ ಇದರಾಗ?" ಎಂದಳು ಉಳ್ಳಾಗಡ್ಡಿ ಮಾರುವವಳು. "ನಾ ಮುಂಜಾನಿಂದ ಕುಂತೇನಿ, ನನಗ್ಯಾರೂ ಅವಸರ ಮಾಡವಲ್ರು!"

"ಯವ್ವಾ, ನಿನ್ನ ಉಳ್ಳಾಗಡ್ಡಿ ಸಂಜಿಗೂ ಉಳ್ಳಾಗಡ್ಡಿನ. ಇದು ಸಂಜಿಗೆ ಕಲ್ಲ."

ಅವಳು ಎದ್ದಳು. ಚೀಲದ ಇನ್ನೊಂದು ತುದಿಯನ್ನು ಸಾಬರೇ ಹಿಡಿದರು.

ಲಾರಿ ಸೈಟು ಮುಟ್ಟಿದ ಮೇಲೆ, ಮಾಲನ್ನು ಮೆತ್ತಗೆ ಮಾಡುವ ಔಷಧವನ್ನು ಒಮ್ಮೆ ಹಾಕಿಸಿ ತಿರುಗಿಸಿದರು. ತಗಡಿನ ಅಚ್ಚಿಗೆ ತುಂಬಿ, ಅಚ್ಚನ್ನು ಮೇಲೆತ್ತಿದರು. ಮಾಲು ಹದವಾಗಿ ಕುಸಿಯಬೇಕಿತ್ತು. ಆಗಲೇ ಬಿಗಿದು, ಬೆಲ್ಲದ ಅಚ್ಚಿನಂತೆ ನೆಟ್ಟಗೆ ನಿಂತಿತು.

"ಒಂದ ಕೊಡಾ ನೀರ ಬಿಡೂಣ್ರಿ ಸಾಬರ," ಎಂದೆ. "ಕೈಮುಗದ ತಂದದ್ದು."

"ಕೈಮುಗದದ್ದು ಸಂತಿಗೆ ಗೊತ್ತು. ಗಾಳಿಗೇನ ಗೊತ್ತ್ರಿ?" ಎಂದು, ಹಿಡಿಕೆಯನ್ನು ಡ್ರೈವರನಿಗೆ ಕೊಟ್ಟರು. "ಹೊರಗ ಒಯ್ದ ಸುರುವು. ಈಗ ಬೇಕಾದಷ್ಟ ನೀರ ಹಾಕ್ಕೊ."

ಆ ಮಾಲೂ ಹೋಯಿತು; ಉಳಿದದ್ದು ರೋಣದ ದಾರಿಯ ಲಾರಿ ಒಂದೇ. ಶೇಖರಪ್ಪನವರು ಬದುವಿನ ಮೇಲೆ ಕುಕ್ಕರಿಸಿ ಮುಹೂರ್ತ ಕೊಟ್ಟವರ ವಂಶಾವಳಿಯನ್ನು ಮೆಲ್ಲಗೆ ಪಠಿಸುತ್ತಿದ್ದರು. ಹಾಕಿದ ಪದರಿಗೆ ಹಸಿ ಗೋಣಿ ಹೊದಿಸಿದ್ದೆವು. ಸಾಬರು ಆಗಾಗ ಅದಕ್ಕೊಂದು ಸಣ್ಣ ಸಲಾಕೆ ಚುಚ್ಚಿ, "ಜೀವ ಐತಿ" ಎನ್ನುವರು. ಮತ್ತೊಮ್ಮೆ ಚುಚ್ಚಿದರು. "ಐತಿ." ಆಮೇಲೊಮ್ಮೆ ಚುಚ್ಚಿ, ರೋಣದ ದಾರಿಯತ್ತ ನೋಡಿದರು.

ಆಗ ದೂರದಲ್ಲಿ ಧೂಳೆದ್ದಿತು. ಸಾಬರು ಲಾರಿಯತ್ತ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಕಂಡದ್ದು ಅಂದೇ. ಅಚ್ಚು ಎತ್ತಿದರು. ಮಾಲು ಹದವಾಗಿ ಕುಸಿಯಿತು. ಅದನ್ನು ಪದರಿಗೆ ಬಿಟ್ಟು ಕಂಪಿಸುವ ಕೊಳವೆ ಇಳಿಸಿದಾಗ ಹಳೆಯದೂ ಹೊಸದೂ ಒಟ್ಟಿಗೆ ನಡುಗಿದವು. "ಕೂಡಿತ್ರಿ," ಎಂದು ಸಾಬರು ಕಣ್ಣೊರೆಸಿಕೊಂಡರು. ಧೂಳು ಬಿದ್ದಿರಬೇಕು.

ತಿರಸ್ಕೃತ ಮಾಲು ರಾಜೂರ ಬಸ್ಸು ನಿಲ್ಲುವಲ್ಲಿ ಕಟ್ಟೆಯಾಯಿತು. ಊರೆಲ್ಲ ಅದರ ಮೇಲೆ ಕುಳಿತರೂ ಸಾಬರು ಕೂಡಲಿಲ್ಲ. "ಫೇಲಾದ ಮಾಲ" ಎಂದು ನಿಂತೇ ಚಹಾ ಕುಡಿಯುವರು.

ಸಾಬರು ನೌಕರಿ ಮುಗಿಸಿ ತಮ್ಮ ಊರಿಗೆ ಹೊರಟ ದಿನ, ಬಸ್ಸು ತಡವಾಗಿತ್ತು. ಶೇಖರಪ್ಪನವರ ಹೊಲದಲ್ಲಿ ತಿರುಗುತ್ತಿದ್ದ ಫ್ಯಾನನ್ನು ಅವರು ಬಹಳ ಹೊತ್ತು ನೋಡಿದರು. ಹಿಮ್ಮಡಿಯಿಂದ ಕಟ್ಟೆಯನ್ನು ಗುದ್ದಿ ನೋಡಿದರು. ಮೆಲ್ಲಗೆ ಕುಳಿತರು.

"ಫೇಲಾದದ್ದಲ್ಲೇನ್ರಿ?" ಎಂದೆ.

"ಕುಂಡ್ರಾಕ ಪಾಸ್ ಐತ್ರಿ."

ಬಸ್ಸು ಬಂತು. ಸಾಬರು ಚೀಲ ಎತ್ತಿಕೊಂಡು ನಡೆದರು. ಕಿಸೆಯಿಂದ ಯಾವ ಸದ್ದೂ ಬರಲಿಲ್ಲ.